ಜಾಲತಾಣ ತೆರೆಯದಿದ್ದಾಗ ರೈತರು ಮಾಡತಕ್ಕದ್ದೇನು?

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೈತ ಬಾಂಧವರಿಗೆ ಒಂದು ಪಾಠ)



"ನೆಟ್ ಇಲ್ಲ, ನಾಳೆ ಬನ್ನಿ." ಈ ಮಾತನ್ನು ಕೇಳದ ರೈತ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಪಹಣಿ ಬೇಕೆಂದು ಕಿಕ್ಕೇರಿಯ ನಾಡಕಚೇರಿಗೋ ಅರಕೆರೆಯ ನಾಡಕಚೇರಿಗೋ ಹೋಗಿರುತ್ತೀರಿ. ಬೆಳೆ ವಿಮೆಯ ಕಂತು ಕಟ್ಟಬೇಕೆಂದು ಗ್ರಾಮ ಒನ್ ಕೇಂದ್ರದ ಮುಂದೆ ನಿಂತಿರುತ್ತೀರಿ. ಒಳಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇರುತ್ತದೆ, ತಾಣ ತೆರೆಯುವುದಿಲ್ಲ. ಆ ದಿನದ ಕೆಲಸ ಹೋಯಿತು, ಬಸ್ಸಿನ ದುಡ್ಡು ಹೋಯಿತು. ಅದೇ ಅರ್ಜಿಯ ಕೊನೆಯ ದಿನವಾಗಿದ್ದರೆ ಇಡೀ ಹಂಗಾಮಿನ ವಿಮೆಯೇ ಹೋಯಿತು.

ಈಗ ಅನೇಕ ಮನೆಗಳಲ್ಲಿಯೂ ಕಂಪ್ಯೂಟರು ಉಂಟು. ಓದುವ ಮಕ್ಕಳಿಗಾಗಿ ತಂದದ್ದು ಮನೆಯ ವ್ಯವಹಾರಕ್ಕೂ ಉಪಯೋಗವಾಗುತ್ತಿದೆ. ಹಾಲಿನ ಸಂಘದಲ್ಲಿಯೂ ಪತ್ತಿನ ಸಹಕಾರ ಸಂಘದಲ್ಲಿಯೂ ಕಂಪ್ಯೂಟರು ಬಂದಿದೆ. ಆದುದರಿಂದ ಅದು ಏಕೆ ನಿಂತಿತು, ಎಲ್ಲಿ ನಿಂತಿತು ಎಂಬುದನ್ನು ಪತ್ತೆಮಾಡುವ ಕ್ರಮವನ್ನು ರೈತನೂ ತಿಳಿದಿರಬೇಕು. ಇದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಕಾಗಿಲ್ಲ. ಗದ್ದೆಗೆ ನೀರು ಬಾರದಿದ್ದಾಗ ನೀವು ಉಪಯೋಗಿಸುವ ಬುದ್ಧಿಯೇ ಇಲ್ಲಿಯೂ ಸಾಕು.

ಇದು ಇಷ್ಟು ಮುಖ್ಯವಾದದ್ದೇಕೆ?

ಹಿಂದೆ ಪಹಣಿಯನ್ನು ಕೈಯಿಂದ ಬರೆದು ಕೊಡುತ್ತಿದ್ದರು. 2000 ಮತ್ತು 2002ರ ನಡುವೆ ಕರ್ನಾಟಕದಲ್ಲಿ "ಭೂಮಿ" ಯೋಜನೆ ನೆಲೆಗೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ಅನಂತರ ರೈತರ ನೋಂದಣಿಗೆ "ಫ್ರೂಟ್ಸ್", ಬೆಳೆ ವಿಮೆಗೆ "ಸಂರಕ್ಷಣೆ" ಎಂಬ ತಾಣಗಳು ಬಂದವು. ಹಳ್ಳಿಗಳಿಗೆ ಗಾಜಿನ ಎಳೆಯ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಯೋಜನೆ 2015ರಲ್ಲಿ "ಭಾರತ್‌ನೆಟ್" ಎಂಬ ಹೆಸರು ಪಡೆಯಿತು.

ಇದರಿಂದ ಅನುಕೂಲ ಬಹಳ ಆಗಿದೆ. ಆದರೆ ಲೆಕ್ಕದ ಪುಸ್ತಕ ದೂರದ ಊರಿನಲ್ಲಿದೆ. ಅದಕ್ಕೂ ನಮಗೂ ನಡುವೆ ಉದ್ದನೆಯ ದಾರಿ ಇದೆ. ದಾರಿಯಲ್ಲಿ ಒಂದು ಕಡೆ ಕಟ್ಟಿಕೊಂಡರೂ ಕೆಲಸ ನಿಲ್ಲುತ್ತದೆ. ಎಲ್ಲಿ ಕಟ್ಟಿಕೊಂಡಿತು ಎಂದು ಗೊತ್ತಿಲ್ಲದವನು ಒಳ್ಳೆಯ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟು ಹಣ ಕಳೆಯುತ್ತಾನೆ. ಇಲ್ಲವೇ ಹಗ್ಗದಷ್ಟು ಸುಲಭವಾಗಿ ಬಿಚ್ಚಬಹುದಾದ ಗಂಟಿಗೆ ಮೂರು ದಿನ ಅಲೆಯುತ್ತಾನೆ.

ನೀರು ಬರುವ ದಾರಿ

ಗದ್ದೆಗೆ ನೀರು ಬಾರದಿದ್ದರೆ ನೀವು ಏನು ಮಾಡುತ್ತೀರಿ? ನೇರವಾಗಿ ಕನ್ನಂಬಾಡಿ ಕಟ್ಟೆಗೆ ಓಡಿ ಹೋಗುವುದಿಲ್ಲ. ಮೊದಲು ನಿಮ್ಮ ಗದ್ದೆಯ ಬದುವಿನ ಬಾಯಿ ನೋಡುತ್ತೀರಿ. ಅಲ್ಲಿ ಸರಿಯಿದ್ದರೆ ಹೊಲಗಾಲುವೆಯ ಮೇಲೆ ನಡೆಯುತ್ತೀರಿ. ಅಲ್ಲಿಯೂ ಸರಿಯಿದ್ದರೆ ತೂಬು, ತೂಬಿನಿಂದ ಉಪನಾಲೆ, ಉಪನಾಲೆಯಿಂದ ವಿ.ಸಿ. ನಾಲೆ. ಪಕ್ಕದವನ ಗದ್ದೆಗೆ ನೀರು ಬಂದಿದೆಯೇ ಎಂದೂ ನೋಡುತ್ತೀರಿ. ಅವನಿಗೆ ಬಂದಿದ್ದರೆ ದೋಷ ನಿಮ್ಮ ಬದುವಿನಲ್ಲಿ. ಅವನಿಗೂ ಬಂದಿಲ್ಲವಾದರೆ ದೋಷ ಮೇಲೆ ಎಲ್ಲಿಯೋ ಇದೆ. ಹೇಮಗಿರಿ, ಮಂದಗೆರೆ ಅಣೆಗಳ ಕಾಲುವೆಯ ಕೆಳಗಿರುವ ಕೃಷ್ಣರಾಜಪೇಟೆಯ ರೈತರಿಗೂ ಈ ಲೆಕ್ಕ ಗೊತ್ತು. ನಾಗಮಂಗಲದ ಬೋರ್‌ವೆಲ್ ರೈತರೂ ಹಾಗೆಯೇ ಫ್ಯೂಸು, ಸ್ಟಾರ್ಟರು, ಮೋಟರು, ಪೈಪು ಎಂದು ಒಂದೊಂದಾಗಿ ನೋಡಿ ಬರುತ್ತಾರೆ. ಮೊದಲೇ ಮೋಟರನ್ನು ಮೇಲಕ್ಕೆತ್ತುವುದಿಲ್ಲ.

ಜಾಲತಾಣ ಬರುವ ದಾರಿಯೂ ಇಂಥದೇ. ನಿಮ್ಮ ಕಂಪ್ಯೂಟರೇ ಗದ್ದೆ. ಮನೆಯ ಗೋಡೆಗೆ ಹಾಕಿರುವ ರೂಟರ್ ಪೆಟ್ಟಿಗೆ ಹೊಲಗಾಲುವೆಯ ಬಾಯಿ. ಅಲ್ಲಿಂದ ಕಂಬದ ಮೇಲೆ ಹೋಗುವ ತಂತಿ ಉಪನಾಲೆ. ಸಂಪರ್ಕ ಕೊಟ್ಟ ಕಂಪನಿಯ ಕೇಂದ್ರ ದೊಡ್ಡ ನಾಲೆ. ದೂರದಲ್ಲಿ ಭೂಮಿ, ಫ್ರೂಟ್ಸ್ ಮೊದಲಾದ ತಾಣಗಳನ್ನು ಇಟ್ಟಿರುವ ದೊಡ್ಡ ಕಂಪ್ಯೂಟರೇ ಕಟ್ಟೆ. ಅದನ್ನೇ ಜನ "ಸರ್ವರ್" ಎನ್ನುವುದು. ಒಂದು ವ್ಯತ್ಯಾಸ ಮಾತ್ರ ಉಂಟು: ನೀರು ಕೆಳಕ್ಕೆ ಮಾತ್ರ ಹರಿಯುತ್ತದೆ, ಇಲ್ಲಿ ನಿಮ್ಮ ಕೇಳಿಕೆ ಮೇಲಕ್ಕೆ ಹೋಗಬೇಕು, ಉತ್ತರ ಕೆಳಕ್ಕೆ ಬರಬೇಕು.

ಪಾಠದ ಸಾರ ಇಷ್ಟೇ: ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ನೋಡಿಕೊಂಡು ಹೋಗಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಏನು ಮಾಡಿದಿರಿ, ಏನಾಯಿತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿರಿ.

ಮೊದಲನೆಯ ಪರೀಕ್ಷೆ: ಒಂದೇ ತಾಣವೋ, ಎಲ್ಲ ತಾಣಗಳೋ?

ಯಾವ ತಂತಿಯನ್ನೂ ಮುಟ್ಟುವ ಮೊದಲು ಇದನ್ನು ನೋಡತಕ್ಕದ್ದು. ಪಹಣಿಯ ತಾಣ ತೆರೆಯದಿದ್ದರೆ ಬೇರೆ ಎರಡು ತಾಣಗಳನ್ನು ತೆರೆದು ನೋಡಿರಿ. ದಿನಪತ್ರಿಕೆಯ ತಾಣವಾದರೆ ಒಳ್ಳೆಯದು. ಏಕೆಂದರೆ ಅದರಲ್ಲಿ ಇಂದಿನ ತಾರೀಖು, ಇಂದಿನ ಸುದ್ದಿ ಇರಬೇಕು. ಕಂಪ್ಯೂಟರು ಹಿಂದೆ ನೋಡಿದ ಪುಟಗಳನ್ನು ತನ್ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ನಿನ್ನೆಯ ಪುಟವನ್ನೇ ತೋರಿಸಿದರೆ ನೆಟ್ ಇದೆಯೆಂದು ಮೋಸಹೋಗಬಾರದು.

ಅನಂತರ ಅದೇ ಪಹಣಿಯ ತಾಣವನ್ನು ಮೊಬೈಲಿನಲ್ಲಿ ತೆರೆದು ನೋಡಿರಿ. ಆಗ ಮೊಬೈಲಿನ ವೈಫೈಯನ್ನು ಆರಿಸಿ, ಸಿಮ್ಮಿನ ಡೇಟಾದಿಂದಲೇ ನೋಡತಕ್ಕದ್ದು. ವೈಫೈ ಆರಿಸದಿದ್ದರೆ ಎರಡೂ ಒಂದೇ ಕಾಲುವೆಯ ನೀರಾದಂತಾಗಿ ಪರೀಕ್ಷೆ ವ್ಯರ್ಥವಾಗುತ್ತದೆ.

ಇದರಿಂದ ನಾಲ್ಕು ತೀರ್ಮಾನಗಳು ಬರುತ್ತವೆ.

(1) ಕಂಪ್ಯೂಟರಿನಲ್ಲಿ ಬೇರೆ ತಾಣಗಳು ತೆರೆಯುತ್ತವೆ, ಪಹಣಿಯ ತಾಣ ಮಾತ್ರ ತೆರೆಯುವುದಿಲ್ಲ, ಮೊಬೈಲಿನಲ್ಲಿಯೂ ತೆರೆಯುವುದಿಲ್ಲ: ದೋಷ ಬಹುಮಟ್ಟಿಗೆ ಕಟ್ಟೆಯಲ್ಲಿ. ನಿಮ್ಮ ಯಂತ್ರವನ್ನು ಮುಟ್ಟಬೇಡಿರಿ.

(2) ಕಂಪ್ಯೂಟರಿನಲ್ಲಿ ಬೇರೆ ತಾಣಗಳು ತೆರೆಯುತ್ತವೆ, ಪಹಣಿಯ ತಾಣ ಮೊಬೈಲಿನಲ್ಲಿ ಮಾತ್ರ ತೆರೆಯುತ್ತದೆ: ದೋಷ ನಿಮ್ಮ ಬ್ರೌಸರಿನಲ್ಲಿ, ತಾರೀಖಿನಲ್ಲಿ ಅಥವಾ ವಿಳಾಸದಲ್ಲಿ.

(3) ಕಂಪ್ಯೂಟರಿನಲ್ಲಿ ಯಾವುದೂ ತೆರೆಯುವುದಿಲ್ಲ, ಅದೇ ವೈಫೈಯಲ್ಲಿ ಬೇರೆಯವರ ಮೊಬೈಲು ಓಡುತ್ತದೆ: ದೋಷ ನಿಮ್ಮ ಕಂಪ್ಯೂಟರಿನಲ್ಲಿ.

(4) ಆ ವೈಫೈಯಲ್ಲಿ ಯಾರಿಗೂ ಏನೂ ತೆರೆಯುವುದಿಲ್ಲ: ದೋಷ ರೂಟರಿನಲ್ಲಿ ಅಥವಾ ತಂತಿಯಲ್ಲಿ.

ಐದು ನಿಮಿಷದ ಈ ಪರೀಕ್ಷೆ ಅರ್ಧ ಕೆಲಸವನ್ನು ಮುಗಿಸುತ್ತದೆ.

ಎರಡನೆಯದು: ವಿದ್ಯುತ್ತು, ತಂತಿ, ದೀಪ

ರೂಟರ್ ಪೆಟ್ಟಿಗೆಯ ಮೇಲೆ ಸಾಲಾಗಿ ಸಣ್ಣ ದೀಪಗಳಿರುತ್ತವೆ. ಅವನ್ನು ನೋಡಲು ಕಲಿಯಿರಿ. ಒಂದೂ ಉರಿಯದಿದ್ದರೆ ವಿದ್ಯುತ್ತಿಲ್ಲ, ಪ್ಲಗ್ಗು ಸಡಿಲವಾಗಿರಬಹುದು. ಗಾಜಿನ ಎಳೆಯ ಸಂಪರ್ಕವಿದ್ದರೆ "ಎಲ್‌ಒಎಸ್" ಎಂಬ ಅಕ್ಷರಗಳ ಮೇಲಿನ ದೀಪವನ್ನು ಗಮನಿಸಿರಿ. ಅದು ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ರಸ್ತೆ ಅಗೆಯುವಾಗ ತಂತಿ ತುಂಡಾಗಿರಬಹುದು, ಕಬ್ಬಿನ ಲಾರಿ ತಗುಲಿ ಕಂಬದಿಂದ ಹರಿದಿರಬಹುದು, ಮನೆಯೊಳಗೆ ಇಲಿ ಕಡಿದಿರಬಹುದು. ಇದು ನೀವು ಸರಿಪಡಿಸುವ ದೋಷವಲ್ಲ. ಸಂಪರ್ಕ ಕೊಟ್ಟವರಿಗೆ ಫೋನು ಮಾಡಿ "ಎಲ್‌ಒಎಸ್ ಕೆಂಪಾಗಿದೆ" ಎಂದು ಹೇಳಿರಿ. ಆ ಒಂದು ಮಾತಿನಿಂದ ಅವರಿಗೆ ವಿಷಯ ತಿಳಿಯುತ್ತದೆ.

ಎಚ್ಚರಿಕೆ: ಗಾಜಿನ ಎಳೆಯ ತಂತಿಯನ್ನು ಹಗ್ಗದಂತೆ ಮಡಿಸಬಾರದು, ಮೊಳೆಗೆ ಬಿಗಿದು ಕಟ್ಟಬಾರದು. ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಕೆಡುಕು ಮಾಡಬಲ್ಲದು. ಮಕ್ಕಳಿಗೂ ಇದನ್ನು ಹೇಳಿರಿ.

ದೀಪಗಳೆಲ್ಲ ಸರಿಯಾಗಿದ್ದೂ ತಾಣ ತೆರೆಯದಿದ್ದರೆ ಹೀಗೆ ಮಾಡಿರಿ. ಕಂಪ್ಯೂಟರನ್ನು ಕ್ರಮವಾಗಿ ಆರಿಸಿ. ರೂಟರಿನ ಪ್ಲಗ್ಗನ್ನು ಕಿತ್ತು ಒಂದು ನಿಮಿಷ ಬಿಡಿ. ಮತ್ತೆ ಹಾಕಿ ಮೂರು ನಿಮಿಷ ಕಾಯಿರಿ. ದೀಪಗಳು ನೆಲೆಗೊಂಡ ಮೇಲೆ ಕಂಪ್ಯೂಟರನ್ನು ಹಚ್ಚಿರಿ. ವಿದ್ಯುತ್ತು ಹೋಗಿ ಬಂದು ಮಾಡುವ ನಮ್ಮ ಹಳ್ಳಿಗಳಲ್ಲಿ ಪೆಟ್ಟಿಗೆ ಅರೆಬರೆ ಎಚ್ಚರವಾಗಿ ನಿಂತುಬಿಡುವುದುಂಟು. ಇಷ್ಟರಿಂದಲೇ ಅದು ಸರಿಹೋಗುತ್ತದೆ. ಆದರೆ ರೂಟರಿನ ಹಿಂದೆ ಸೂಜಿಯಿಂದ ಒತ್ತುವ "ರೀಸೆಟ್" ತೂತನ್ನು ಮುಟ್ಟಬೇಡಿರಿ. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ತುಂಬಿಟ್ಟ ವಿವರಗಳೆಲ್ಲ ಅಳಿಸಿಹೋಗುತ್ತವೆ.

ಕಂಪ್ಯೂಟರಿನ ಕಡೆಯಲ್ಲಿ ವೈಫೈ ಆರಿದೆಯೇ, ವಿಮಾನದ ಗುರುತು ಕಾಣುತ್ತಿದೆಯೇ ಎಂದು ನೋಡಿರಿ. ವಿಮಾನದ ಗುರುತು ಇದ್ದರೆ ಸಂಪರ್ಕವನ್ನೆಲ್ಲ ಮುಚ್ಚಿದೆ ಎಂದರ್ಥ, ಅದನ್ನು ತೆಗೆಯಿರಿ. ತಂತಿಯ ಸಂಪರ್ಕವಾದರೆ ತಂತಿಯ ಕೊಂಡಿ ಟಕ್ಕೆಂದು ಕುಳಿತಿದೆಯೇ ನೋಡಿರಿ.

ಇನ್ನೊಂದು ಒಳ್ಳೆಯ ಪರೀಕ್ಷೆ: ಮೊಬೈಲಿನ "ಹಾಟ್‌ಸ್ಪಾಟ್" ಹಚ್ಚಿ ಅದಕ್ಕೆ ಕಂಪ್ಯೂಟರನ್ನು ಸೇರಿಸಿರಿ. ಪಂಪಿನ ನೀರು ಹಾಯಿಸಿ ನೋಡಿದಂತೆ ಇದು. ಹಾಟ್‌ಸ್ಪಾಟಿನಲ್ಲಿ ತಾಣ ತೆರೆದರೆ ಕಂಪ್ಯೂಟರು ಗಟ್ಟಿಯಾಗಿದೆ; ದೋಷ ಮನೆಯ ಸಂಪರ್ಕದಲ್ಲಿ. ತುರ್ತು ಅರ್ಜಿಯಿದ್ದರೆ ಹಾಟ್‌ಸ್ಪಾಟಿನಿಂದಲೇ ಕೆಲಸ ಮುಗಿಸಿಬಿಡಬಹುದು. ಮೊಬೈಲಿನ ದಿನದ ಡೇಟಾ ಮುಗಿದಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು.

ಮೂರನೆಯದು: ಬಾಗಿಲಿನ ನಂಬರು ಬಂದಿದೆಯೇ?

ಜಾಲಕ್ಕೆ ಸೇರಿದ ಪ್ರತಿಯೊಂದು ಕಂಪ್ಯೂಟರಿಗೂ ರೂಟರು ಒಂದು ನಂಬರು ಕೊಡುತ್ತದೆ. ಅದನ್ನು ನೋಡುವ ಬಗೆ ಹೀಗೆ. ಕೀಲಿಮಣೆಯ ಮೇಲೆ ಕಿಟಕಿಯ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು "ಆರ್" ಒತ್ತಿರಿ. ಬರುವ ಚೌಕದಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು "ಎಂಟರ್" ಒತ್ತಿದರೆ ಕಪ್ಪು ಹಲಗೆಯಂಥ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಐ, ಪಿ, ಸಿ, ಒ, ಎನ್, ಎಫ್, ಐ, ಜಿ ಎಂಬ ಎಂಟು ಅಕ್ಷರಗಳನ್ನು ಜಾಗ ಬಿಡದೆ ಬರೆದು ಮತ್ತೆ ಎಂಟರ್ ಒತ್ತಿರಿ.

"ಐಪಿವಿ4 ಅಡ್ರೆಸ್" ಎಂಬುದರ ಮುಂದೆ 192.168 ಎಂದು ಆರಂಭವಾಗುವ ನಂಬರು ಸಾಮಾನ್ಯವಾಗಿ ಇರುತ್ತದೆ. ಅದು ಬಿಟ್ಟು 169.254 ಎಂದು ಆರಂಭವಾಗುವ ನಂಬರು ಇದ್ದರೆ, ರೂಟರು ನಂಬರು ಕೊಡದೆ ಕಂಪ್ಯೂಟರು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಅಂಥ ನಂಬರಿನಿಂದ ಹೊರಗೆ ಹೋಗಲಾಗದು. ಹೊಲಗಾಲುವೆಯ ಬಾಯಿಯಲ್ಲೇ ಮಣ್ಣು ಕಟ್ಟಿದೆ ಎಂದರ್ಥ. ತಂತಿ ಬದಲಿಸಿ ನೋಡಿರಿ. ವೈಫೈಯನ್ನು ಬಿಡಿಸಿ ಮತ್ತೆ ಸೇರಿಸಿರಿ. ರೂಟರನ್ನು ಆರಿಸಿ ಹಚ್ಚಿರಿ.

ನಾಲ್ಕನೆಯದು: ಹೊಲದ ಹೆಸರು ಮತ್ತು ಸರ್ವೆ ನಂಬರು

ನಂಬರು ಸರಿಯಾಗಿದ್ದರೂ ತಾಣ ತೆರೆಯದೆ ಇರಬಹುದು. ಇದಕ್ಕೆ ಕಾರಣ ನಮ್ಮ ರೈತರಿಗೆ ಸುಲಭವಾಗಿ ತಿಳಿಯುವಂಥದು.

ಊರಿನಲ್ಲಿ ಹೊಲಕ್ಕೆ ಒಂದು ಕರೆಯುವ ಹೆಸರು ಇರುತ್ತದೆ: ಹುಣಸೇಮರದ ಹೊಲ, ಕೆರೆಕೆಳಗಿನ ಗದ್ದೆ. ಕಂದಾಯದ ಲೆಕ್ಕದಲ್ಲಿ ಅದಕ್ಕೆ ಸರ್ವೆ ನಂಬರು. ಹೆಸರಿನಿಂದ ನಂಬರು ತಿಳಿಯಬೇಕಾದರೆ ಶಾನುಭೋಗರ ಪುಸ್ತಕ ಬೇಕಾಗಿತ್ತು. ಜಾಲತಾಣಕ್ಕೂ ಹಾಗೆಯೇ. ನಾವು ಬರೆಯುವುದು ಹೆಸರು. ಯಂತ್ರಗಳು ತಿಳಿಯುವುದು ನಂಬರು. ಹೆಸರನ್ನು ನಂಬರಾಗಿ ತಿಳಿಸುವ ಪುಸ್ತಕಕ್ಕೆ "ಡಿಎನ್‌ಎಸ್" ಎನ್ನುತ್ತಾರೆ. ಮೊದಮೊದಲು ಈ ಪಟ್ಟಿ ಒಂದೇ ಕಡೆ, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇರುತ್ತಿತ್ತು. ಪಟ್ಟಿ ಬೆಳೆದಂತೆ ಅದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ, ಪ್ರತಿ ಹೋಬಳಿಗೂ ಒಂದು ಪುಸ್ತಕವಿಡುವಂತೆ, ಪಟ್ಟಿಯನ್ನು ಅನೇಕ ಕಡೆ ಹಂಚಿಡುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ಅದೇ ನಡೆಯುತ್ತಿದೆ.

ಪುಸ್ತಕ ಸಿಗದಿದ್ದರೆ ಹೊಲ ಇದ್ದಲ್ಲಿಯೇ ಇದ್ದರೂ ದಾರಿ ತಿಳಿಯುವುದಿಲ್ಲ. ಇದನ್ನು ಪತ್ತೆಮಾಡಲು ಅದೇ ಕಪ್ಪು ಕಿಟಕಿಯಲ್ಲಿ ಪಿ, ಐ, ಎನ್, ಜಿ ಎಂದು ಬರೆದು, ಒಂದು ಜಾಗ ಬಿಟ್ಟು 8.8.8.8 ಎಂದು ಬರೆದು ಎಂಟರ್ ಒತ್ತಿರಿ. ಇದು ಗೂಗಲ್ ಸಂಸ್ಥೆ 2009ರಿಂದ ನಡೆಸುತ್ತಿರುವ ಒಂದು ಹೆಸರು ಪುಸ್ತಕದ ನಂಬರು. "ರಿಪ್ಲೈ" ಎಂದು ಸಾಲುಸಾಲಾಗಿ ಉತ್ತರ ಬಂದರೆ ಕಾಲುವೆ ತೆರೆದಿದೆ, ನೀರು ಹರಿಯುತ್ತಿದೆ. ಆದರೂ ತಾಣ ತೆರೆಯದೆ, ಪರದೆಯ ಮೇಲೆ ಡಿಎನ್‌ಎಸ್ ಎಂಬ ಅಕ್ಷರಗಳು ಕಾಣುತ್ತಿದ್ದರೆ ದೋಷ ಹೆಸರು ಪುಸ್ತಕದಲ್ಲಿ. "ಟೈಮ್ಡ್ ಔಟ್" ಎಂದು ಬಂದರೆ ಸಾಮಾನ್ಯವಾಗಿ ದಾರಿಯೇ ಕಟ್ಟಿದೆ. ಕೆಲವು ಕಚೇರಿಗಳ ಜಾಲದಲ್ಲಿ ಈ ಪರೀಕ್ಷೆಗೆ ಉತ್ತರ ಬಾರದಂತೆ ತಡೆ ಹಾಕಿರುವುದೂ ಉಂಟು; ಅಲ್ಲಿ ಇದನ್ನು ನಂಬಬಾರದು.

ಹೆಸರು ಪುಸ್ತಕದ ದೋಷವಾದರೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿರಿ. ಅದರಿಂದ ಹೋಗದಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಎಂಬಲ್ಲಿ 8.8.8.8 ಅಥವಾ 1.1.1.1 ಎಂದು ಬರೆಯಬಹುದು. ಮೊದಲು ಅಲ್ಲಿ ಏನಿತ್ತೋ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಬದಲಾಯಿಸಿರಿ. ಪಂಚಾಯಿತಿಯ ಅಥವಾ ಸಂಘದ ಕಂಪ್ಯೂಟರಿನಲ್ಲಿ ಅಧಿಕಾರಿಗಳನ್ನು ಕೇಳದೆ ಇದನ್ನು ಮಾಡಬಾರದು.

ಇಂಥ ದೋಷ ದೊಡ್ಡವರಿಗೂ ಬರುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಲೋಕದಾದ್ಯಂತ ಸುಮಾರು ಆರು ಗಂಟೆಗಳ ಕಾಲ ನಿಂತವು. ಕಂಪನಿಯ ಒಳಜಾಲದ ದುರಸ್ತಿಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಅದರ ಹೆಸರು ಪುಸ್ತಕಗಳಿಗೆ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಆ ರಾತ್ರಿ ಮೊಬೈಲನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಫಲವಿರಲಿಲ್ಲ. ಬೇರೆ ತಾಣವೊಂದನ್ನು ತೆರೆದು ನೋಡಿದವರಿಗೆ ಮಾತ್ರ ದೋಷ ತಮ್ಮದಲ್ಲವೆಂದು ತಿಳಿಯಿತು. ಮೊದಲನೆಯ ಪರೀಕ್ಷೆಯ ಬೆಲೆ ಇಲ್ಲಿದೆ.

ಐದನೆಯದು: ಕಂಪ್ಯೂಟರಿನ ತಾರೀಖು

ಇದು ನಮ್ಮ ಹಳ್ಳಿಗಳಲ್ಲಿ ಬಹಳ ಕಾಣುವ, ಆದರೆ ಯಾರೂ ಗಮನಿಸದ ದೋಷ. ಸರ್ಕಾರದ ತಾಣಗಳೂ ಬ್ಯಾಂಕಿನ ತಾಣಗಳೂ ತಾವು ಅಸಲಿ ಎಂದು ತೋರಿಸಲು ಒಂದು ಮೊಹರಿನ ಪತ್ರವನ್ನು ಕಳಿಸುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತ ಎಂದು ಬರೆದಿರುತ್ತದೆ. ನಿಮ್ಮ ಕಂಪ್ಯೂಟರು ಆ ಪತ್ರವನ್ನು ತನ್ನ ಪಂಚಾಂಗದೊಂದಿಗೆ ಹೋಲಿಸಿ ನೋಡುತ್ತದೆ. ಕಂಪ್ಯೂಟರಿನ ಪಂಚಾಂಗವೇ ಹತ್ತು ವರ್ಷ ಹಿಂದಿದ್ದರೆ? ಇನ್ನೂ ಹುಟ್ಟದ ಪತ್ರವೆಂದು ಅದು ಎಲ್ಲ ತಾಣಗಳನ್ನೂ ತಳ್ಳಿಹಾಕುತ್ತದೆ. ಪರದೆಯ ಮೇಲೆ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಎಂದೋ "ಯುವರ್ ಕ್ಲಾಕ್ ಈಸ್ ಬಿಹೈಂಡ್" ಎಂದೋ ಬರುತ್ತದೆ.

ಹಳೆಯ ಮೇಜಿನ ಕಂಪ್ಯೂಟರುಗಳ ಒಳಗೆ ಎಂಟಾಣೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದರ ನಂಬರು ಸಿಆರ್ 2032, ಶಕ್ತಿ 3 ವೋಲ್ಟು. ವಿದ್ಯುತ್ತು ಹೋದಾಗ ತಾರೀಖನ್ನು ಕಾಯುವುದು ಇದೇ. ಇದು ಮುಗಿದರೆ ಪ್ರತಿ ಸಲ ವಿದ್ಯುತ್ತು ಹೋಗಿ ಬಂದಾಗಲೂ ತಾರೀಖು ಹಿಂದಕ್ಕೆ ಹೋಗುತ್ತದೆ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ತಾರೀಖು, ವರ್ಷ, ವೇಳೆ ಮೂರನ್ನೂ ನೋಡಿ ಸರಿಪಡಿಸಿರಿ. ಮತ್ತೆ ಮತ್ತೆ ಕೆಡುತ್ತಿದ್ದರೆ ಬ್ಯಾಟರಿ ಬದಲಿಸಿರಿ. ಅದು ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತು. ಇಷ್ಟಕ್ಕಾಗಿ ಕಂಪ್ಯೂಟರು ಕೆಟ್ಟಿತೆಂದು ಹೊಸದನ್ನು ಕೊಳ್ಳಬೇಕಾಗಿಲ್ಲ.

ತಾರೀಖು ಸರಿಯಾಗಿದ್ದೂ ಈ ಎಚ್ಚರಿಕೆ ಬಂದರೆ ಅದನ್ನು ದಾಟಿ ಮುಂದೆ ಹೋಗಬೇಡಿರಿ. ಅಲ್ಲಿ ಆಧಾರ್ ನಂಬರನ್ನಾಗಲಿ ಬ್ಯಾಂಕಿನ ವಿವರವನ್ನಾಗಲಿ ಬರೆಯಬಾರದು.

ಆರನೆಯದು: ಬ್ರೌಸರು

ತಾಣಗಳನ್ನು ತೋರಿಸುವ ಸಾಧನಕ್ಕೆ ಬ್ರೌಸರು ಎನ್ನುತ್ತಾರೆ. ಒಂದರಲ್ಲಿ ತೆರೆಯದಿದ್ದರೆ ಇನ್ನೊಂದರಲ್ಲಿ ನೋಡಿರಿ: ಕ್ರೋಮ್, ಎಡ್ಜ್, ಫೈರ್‌ಫಾಕ್ಸ್. ಒಂದರಲ್ಲಿ ತೆರೆದು ಮತ್ತೊಂದರಲ್ಲಿ ತೆರೆಯದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿ, ಕೂಡಿಟ್ಟ ಹಳೆಯ ಪುಟಗಳನ್ನು ಅಳಿಸಿರಿ. ಕಾಲುವೆಯ ಹೂಳು ತೆಗೆದಂತೆ ಇದು. ಆಗ "ಪಾಸ್‌ವರ್ಡ್" ಎಂಬ ಸಾಲಿಗೆ ಗುರುತು ಹಾಕಬೇಡಿರಿ. ಹಾಕಿದರೆ ಕೂಡಿಟ್ಟ ಗುಟ್ಟಿನ ಪದಗಳೂ ಹೋಗುತ್ತವೆ.

ಸೆಟ್ಟಿಂಗ್‌ನಲ್ಲಿ "ಪ್ರಾಕ್ಸಿ" ಎಂಬುದು ತಾನಾಗಿ ಹತ್ತಿಕೊಂಡಿದ್ದರೂ ಯಾವ ತಾಣವೂ ತೆರೆಯುವುದಿಲ್ಲ. ಅದು ನೀರನ್ನು ಬೇರೆಯವರ ಗದ್ದೆಯ ಮೂಲಕ ತಿರುಗಿಸಿದಂತೆ. ನೀವು ಹಾಕದೆ ಇದ್ದರೆ ಅದನ್ನು ಆರಿಸಿರಿ. ಅನಂತರ ಯಂತ್ರಕ್ಕೆ ವೈರಸ್ ಸೇರಿದೆಯೇ ಎಂದು ಪರೀಕ್ಷೆ ಮಾಡಿಸಿರಿ.

ಯಂತ್ರದ ವಯಸ್ಸನ್ನೂ ನೋಡಬೇಕು. 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಕಂಪನಿ ವಿದಾಯ ಹೇಳಿತು. 2023ರ ಆರಂಭದಿಂದ ಕ್ರೋಮಿನ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ಬರುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರದಲ್ಲಿ ಕೆಲವು ತಾಣಗಳು ಮಾತ್ರ ತೆರೆಯದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಏಳನೆಯದು: ಕಟ್ಟೆಯಲ್ಲಿಯೇ ದೋಷವಿದ್ದರೆ

ಪರದೆಯ ಮೇಲೆ 500, 502, 503 ಎಂಬಂತೆ 5ರಿಂದ ಆರಂಭವಾಗುವ ನಂಬರು ಬಂದರೆ ನಿಮ್ಮ ಕೇಳಿಕೆ ಆ ಕಡೆಯವರೆಗೆ ಹೋಗಿ ಮುಟ್ಟಿದೆ, ಉತ್ತರ ಕೊಡಲು ಅಲ್ಲಿ ಶಕ್ತಿಯಿಲ್ಲ ಎಂದರ್ಥ. 404 ಎಂದು ಬಂದರೆ ನೀವು ಕೇಳಿದ ಪುಟ ಅಲ್ಲಿ ಇಲ್ಲ, ವಿಳಾಸ ತಪ್ಪಿರಬಹುದು. 5ರ ದೋಷಕ್ಕೆ ಮದ್ದು ಕಾಯುವುದೊಂದೇ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಎಲ್ಲರೂ ಒಂದೇ ದಿನ ತೂಬಿಗೆ ಮುತ್ತಿದರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. ಹಾಗೆಯೇ ಕೊನೆಯ ದಿನಗಳಲ್ಲಿ ಎಲ್ಲರೂ ಒಂದೇ ತಾಣಕ್ಕೆ ಮುತ್ತುತ್ತಾರೆ. ಬೆಳಗ್ಗೆ ಬೇಗ ಅಥವಾ ರಾತ್ರಿ ಊಟದ ಮೇಲೆ ಪ್ರಯತ್ನಿಸಿರಿ.

ಹಣ ಕಟ್ಟುವಾಗ ತಾಣ ನಿಂತುಬಿಟ್ಟರೆ ಕೂಡಲೇ ಎರಡನೆಯ ಸಲ ಕಟ್ಟಬೇಡಿರಿ. ಮೊದಲು ಬ್ಯಾಂಕಿನ ಖಾತೆಯಲ್ಲಿ ಹಣ ಕಡಿತವಾಗಿದೆಯೇ ಎಂದು ನೋಡಿರಿ. ಕಡಿತವಾಗಿದ್ದರೆ ವ್ಯವಹಾರದ ನಂಬರನ್ನು ಬರೆದಿಟ್ಟುಕೊಂಡು ವಿಚಾರಿಸಿರಿ.

ಮೋಸಗಾರರ ಬಗ್ಗೆ ಎಚ್ಚರ

ತಾಣ ತೆರೆಯದೆ ಪರದಾಡುವವನೇ ಮೋಸಗಾರರ ಬಲೆಗೆ ಸುಲಭವಾಗಿ ಬೀಳುವವನು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನು ಮಾಡಿ" ಎಂದು ಪರದೆಯ ಮೇಲೆ ಬಂದರೆ ಫೋನು ಮಾಡಬೇಡಿರಿ. ದೂರದಿಂದ ಸರಿಮಾಡುತ್ತೇವೆ ಎಂದು ಹೇಳಿ ಯಾವುದೋ ಆಪ್ ಹಾಕಿಸುವವರಿಗೆ ಯಂತ್ರವನ್ನು ಒಪ್ಪಿಸಬೇಡಿರಿ. ಓಟಿಪಿಯನ್ನು ಯಾರಿಗೂ ಹೇಳಬೇಡಿರಿ. ಕರ್ನಾಟಕ ಸರ್ಕಾರದ ತಾಣಗಳ ವಿಳಾಸದಲ್ಲಿ ಊರಿನ ಹೆಸರಿನ ಭಾಗ ಸಾಮಾನ್ಯವಾಗಿ "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ಗವ್ ಎಂಬುದು ನಡುವೆ ಎಲ್ಲೋ ಬಂದು ಕೊನೆ ಬೇರೆಯಾಗಿದ್ದರೆ ಅದು ಅಸಲಿ ಅಲ್ಲ. ಹಣ ಹೋದದ್ದು ತಿಳಿದ ಕ್ಷಣವೇ 1930 ಎಂಬ ನಂಬರಿಗೆ ಫೋನು ಮಾಡಿರಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟವಾಗುತ್ತದೆ.

ನೆಟ್ ಇಲ್ಲದಿದ್ದರೂ ನಿಲ್ಲಬಾರದ ಕೆಲಸ

ಕೆಲವು ಕೆಲಸ ಕಾಯುವುದಿಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಪತ್ತು ತಗುಲಿದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಉಂಟು. ತಾಣ ತೆರೆಯಲಿಲ್ಲವೆಂದು ಮೂರು ದಿನ ಕಳೆದುಬಿಟ್ಟರೆ ನಷ್ಟ ನಿಮ್ಮದು. 14447 ಎಂಬ ಸಹಾಯವಾಣಿಗೆ ಫೋನಿನಲ್ಲಿ ತಿಳಿಸಬಹುದು. ಬ್ಯಾಂಕಿಗೂ ರೈತ ಸಂಪರ್ಕ ಕೇಂದ್ರಕ್ಕೂ ಹೋಗಿ ತಿಳಿಸಬಹುದು. ಕೃಷಿಯ ಬೇರೆ ಪ್ರಶ್ನೆಗಳಿಗೆ ಕಿಸಾನ್ ಕಾಲ್ ಸೆಂಟರಿನ ನಂಬರು 1800-180-1551.

ಅರ್ಜಿಯ ಕೊನೆಯ ದಿನ ತಾಣ ತೆರೆಯದಿದ್ದರೆ ಸುಮ್ಮನೆ ಮನೆಗೆ ಬರಬೇಡಿರಿ. ಪರದೆಯ ಮೇಲಿನ ಸಂದೇಶವನ್ನು ತಾರೀಖು, ವೇಳೆ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದೇ ದಿನ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಬಾಯಿಮಾತಿಗಿಂತ ಕಾಗದಕ್ಕೆ ಬಲ ಹೆಚ್ಚು. ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಕೊನೆಯ ದಿನದವರೆಗೆ ಕಾಯದಿರುವುದು. ಬಿತ್ತನೆಗೆ ಹದ ನೋಡುವ ರೈತನಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ನೆನಪಿಡತಕ್ಕ ಅಂಶಗಳು

1. ಮೊದಲು ಬೇರೆ ತಾಣ, ಬೇರೆ ಸಂಪರ್ಕ ನೋಡಿರಿ.
2. ರೂಟರಿನ ದೀಪಗಳನ್ನು ಓದಿರಿ. ಎಲ್‌ಒಎಸ್ ಕೆಂಪಾದರೆ ಕಂಪನಿಗೆ ತಿಳಿಸಿರಿ.
3. 169.254 ಎಂಬ ನಂಬರು ಬಂದರೆ ರೂಟರಿನವರೆಗಿನ ದಾರಿ ನೋಡಿರಿ.
4. ನಂಬರಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್ ದೋಷ.
5. ತಾರೀಖು, ವರ್ಷ ಸರಿಯಾಗಿರಲಿ.
6. 5ರಿಂದ ಆರಂಭವಾಗುವ ದೋಷಕ್ಕೆ ಯಂತ್ರ ಬಿಚ್ಚಬೇಡಿರಿ, ಕಾಯಿರಿ.
7. ಒಂದು ಸಲಕ್ಕೆ ಒಂದೇ ಬದಲಾವಣೆ, ಎಲ್ಲವನ್ನೂ ಬರೆದಿಡಿರಿ.

ಮನೆಯವರೊಡನೆ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಮನೆಯ ರೂಟರಿನಲ್ಲಿ ಎಷ್ಟು ದೀಪಗಳಿವೆ? ನೆಟ್ ಸರಿಯಾಗಿರುವಾಗ ಯಾವ ಯಾವುವು ಉರಿಯುತ್ತವೆ? ಬರೆದು ಗೋಡೆಗೆ ಅಂಟಿಸಿರಿ. ಕೆಟ್ಟ ದಿನ ಹೋಲಿಸಿ ನೋಡಲು ಅದು ಬೇಕಾಗುತ್ತದೆ.
2. ಸಂಪರ್ಕ ಕೊಟ್ಟವರ ಫೋನ್ ನಂಬರು ಕಾಗದದ ಮೇಲೆ ಬರೆದಿದೆಯೇ? ಕಂಪ್ಯೂಟರಿನೊಳಗೆ ಮಾತ್ರ ಬರೆದಿಟ್ಟ ನಂಬರು ಕಂಪ್ಯೂಟರು ಕೆಟ್ಟ ದಿನ ಸಿಗುವುದಿಲ್ಲ.
3. ಈ ಹಂಗಾಮಿನಲ್ಲಿ ನೀವು ಹಾಕಬೇಕಾದ ಅರ್ಜಿಗಳು ಯಾವುವು, ಅವುಗಳ ಕೊನೆಯ ದಿನ ಯಾವುದು?

ಹೈಸ್ಕೂಲಿನಲ್ಲಿ ಓದುವ ನಿಮ್ಮ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ನೆಟ್ ಸರಿಯಾಗಿರುವ ಒಂದು ಸಂಜೆ ಈ ಪರೀಕ್ಷೆಗಳನ್ನೆಲ್ಲ ಒಮ್ಮೆ ಮಾಡಿ ನೋಡಿರಿ. ಸರಿಯಾಗಿರುವಾಗ ಹೇಗಿರುತ್ತದೆ ಎಂದು ಕಂಡವನಿಗೆ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಬೇಗ ತಿಳಿಯುತ್ತದೆ. ಮುಂದಿನ ಸಲ "ನೆಟ್ ಇಲ್ಲ" ಎಂದು ಯಾರಾದರೂ ಹೇಳಿದರೆ "ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ?" ಎಂದು ಕೇಳುವ ಧೈರ್ಯ ನಿಮಗಿರಲಿ.